ಕುಮಾರಪರ್ವತ: ಕಡಲಮಟ್ಟದಿಂದ 1712 ಮೀಟರ್

ಕುಕ್ಕೆ ಸುಬ್ರಹ್ಮಣ್ಯ ದೇವಸ್ಥಾನದ ಆಚೆಗಿನ ಚಾರಣದ ದಾರಿ ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ ಶುರುವಾಗಿ, 1712 ಮೀಟರಿನಲ್ಲಿ, ಕುಮಾರಪರ್ವತದ ನೆತ್ತಿಯಲ್ಲಿ ಮುಗಿಯುತ್ತದೆ. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಬೆಟ್ಟಗಳಿವೆ. ಮುಳ್ಳಯ್ಯನಗಿರಿ ಇನ್ನೂರು ಮೀಟರಿಗೂ ಹೆಚ್ಚು ಮೇಲಿದೆ, ಕುದುರೆಮುಖವೂ ದೊಡ್ಡದು, ಕೊಡಗಿನ ತಡಿಯಂಡಮೋಳ್ ಕೂಡ ಸ್ವಲ್ಪ ಮುಂದೆ. ಆದರೆ ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರಿನ ಮೇಲೆ ಕೂತಿದೆ; ಮುಳ್ಳಯ್ಯನಗಿರಿಗೆ ಹೋಗುವವನು ಅರ್ಧ ಬೆಟ್ಟವನ್ನು ಬಸ್ಸಿನಲ್ಲೇ ಹತ್ತಿರುತ್ತಾನೆ. ಕುಕ್ಕೆಯಲ್ಲಿ ಆ ರಿಯಾಯಿತಿ ಇಲ್ಲ. ಸುಮಾರು 13 ಕಿ.ಮೀ. ದಾರಿಯಲ್ಲಿ 1600 ಮೀಟರ್ ಏರಿಕೆಯನ್ನು ಒಂದೊಂದೇ ಹೆಜ್ಜೆಯಾಗಿ ತೀರಿಸಬೇಕು. ಎತ್ತರ ಎನ್ನುವುದು ಕಾಡಿಗೆ, ಹುಲ್ಲಿಗೆ, ಕಪ್ಪೆಗೆ ಏನು ಮಾಡುತ್ತದೆ ಎಂದು ನೋಡಬೇಕಿದ್ದರೆ ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಈ ಲೆಕ್ಕದ ಸೊನ್ನೆ ಎಲ್ಲಿದೆ? ಕಡಲು ಎಲ್ಲ ಊರಿನಲ್ಲೂ ಎಲ್ಲ ಹೊತ್ತಿನಲ್ಲೂ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಬ್ರಿಟಿಷರ ಕಾಲದ ಸರ್ವೇ ಇಲಾಖೆ ಒಂಬತ್ತು ಬಂದರುಗಳಲ್ಲಿ ಭರತ ಇಳಿತಗಳನ್ನು ಅಳೆದು, ಅವುಗಳ ಸರಾಸರಿಯನ್ನು ಆಧಾರವಾಗಿಟ್ಟುಕೊಂಡು 1909ರ ಹೊತ್ತಿಗೆ ಇಡೀ ದೇಶದ ಎತ್ತರಗಳಿಗೆ ಒಂದು ಬುಡ ಕಟ್ಟಿತು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು. ಘಟ್ಟದ ಬೆಟ್ಟಗಳ ಎತ್ತರದಲ್ಲಿ ಕಾಳಿ ನದಿ ಸೇರುವ ಕಡಲಿನ ಪಾಲೂ ಇದೆಯೆಂದಾಯಿತು.

ಊರು ದಾಟಿ ಕಾಡು ಹೊಕ್ಕ ಹತ್ತು ನಿಮಿಷದಲ್ಲಿ ಅಂಗಿ ಒದ್ದೆ. ಮೊದಲ ಸಲ ಬಂದವರು ಇಲ್ಲಿಯೇ ಸುಸ್ತಾಗಿ ಕೂತು ಬೆಟ್ಟವನ್ನು ಬೈಯುತ್ತಾರೆ. ಪಾಪ, ಬೆಟ್ಟ ಇನ್ನೂ ಶುರುವೇ ಆಗಿಲ್ಲ; ಇದು ಕರಾವಳಿಯ ಹವೆ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈಯ ಬಿಸಿ ಇಳಿಯುವುದಿಲ್ಲ. ಮಳೆಗಾಲ ಮುಗಿದ ಹೊಸತರಲ್ಲಾದರೆ ಜೊತೆಗೆ ಉಂಬಳಗಳ ಕಾಟ. ಜನವರಿಯಲ್ಲಿ ಅಷ್ಟಿಲ್ಲ.

ತಲೆಯೆತ್ತಿದರೆ ಆಕಾಶ ಕಾಣದು. ಧೂಪ, ಬೋಗಿ, ರಾಮಪತ್ರೆಗಳು ಆನೆಕಾಲಿನಂಥ ಬೇರುಗಳನ್ನು ಊರಿಕೊಂಡು ನೆಟ್ಟಗೆ ಮೇಲೆ ಹೋಗಿವೆ. ಅವುಗಳ ನೆರಳಲ್ಲಿ, ಕೈಗೆಟಕುವ ಎತ್ತರದಲ್ಲಿ, ಜೋತುಬಿದ್ದ ಕೆಂಪು ಚಿಗುರಿನ ಒಂದು ಸಣ್ಣ ಮರ ದಾರಿಯುದ್ದಕ್ಕೂ ಸಿಗುತ್ತದೆ. ಹಸಿಗೆ ಮರ. ಗೆಣ್ಣುಗಳ ನಡುವಿನ ಭಾಗ ಅಲ್ಲಲ್ಲಿ ಉಬ್ಬಿ ಟೊಳ್ಳಾಗಿದೆ. ಆ ಟೊಳ್ಳಿಗೊಂದು ಬಾಗಿಲು, ಒಳಗೆ ಇರುವೆಗಳ ಸಂಸಾರ. ಸಸ್ಯಶಾಸ್ತ್ರದಲ್ಲಿ ಇದರ ಕುಲಕ್ಕೆ ಹಂಬೋಲ್ಟಿಯಾ ಎಂದು ಹೆಸರು. ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟನ ಗೌರವಕ್ಕೆ ಆ ಹೆಸರಿಟ್ಟಾಗ ಅವನು ಇನ್ನೂ ಇಪ್ಪತ್ತರ ಹರೆಯದವನು. ಅವನ ದೊಡ್ಡ ಕೆಲಸ ಆಮೇಲಿನದು. 1802ರಲ್ಲಿ ಈಕ್ವೆಡಾರಿನ ಚಿಂಬೊರಾಜೊ ಪರ್ವತವನ್ನು ಹೆಚ್ಚುಕಡಿಮೆ ತುದಿಯ ತನಕ ಹತ್ತಿ, ಯಾವ ಎತ್ತರದಲ್ಲಿ ಯಾವ ಗಿಡ ಎಂಬುದನ್ನು ಬೆಟ್ಟದ ಒಂದೇ ಚಿತ್ರದ ಮೇಲೆ ಬರೆದು 1807ರಲ್ಲಿ ಪ್ರಕಟಿಸಿದ. ಕೆಳಗೆ ತಾಳೆ ಬಾಳೆ, ಮೇಲೆ ಓಕ್, ಅದರ ಮೇಲೆ ಹುಲ್ಲು, ಕಲ್ಲುಹೂವು, ಹಿಮ. ಬೆಟ್ಟ ಹತ್ತುವುದೆಂದರೆ ಸಮಭಾಜಕದಿಂದ ಧ್ರುವದ ಕಡೆ ನಡೆದ ಹಾಗೆ ಎಂಬ ತಿಳಿವಳಿಕೆ ನಮ್ಮ ಶಾಲೆಯ ಪುಸ್ತಕಗಳಿಗೆ ಇಳಿದದ್ದು ಅಲ್ಲಿಂದ. ಭಾರತಕ್ಕೆ ಬರಬೇಕೆಂದು ಅವನು ಬಹಳ ಪ್ರಯತ್ನಪಟ್ಟ, ಈಸ್ಟ್ ಇಂಡಿಯಾ ಕಂಪನಿ ಒಪ್ಪಿಗೆ ಕೊಡಲಿಲ್ಲ. ಬಂದು ಈ ದಾರಿ ಹತ್ತಿದ್ದರೆ ಚಿತ್ರವನ್ನು ಕೊಂಚ ತಿದ್ದಬೇಕಾಗುತ್ತಿತ್ತು ಎಂಬುದು ನನ್ನ ಅನಿಸಿಕೆ. ಕುಮಾರಪರ್ವತ ಆ ಮೆಟ್ಟಿಲುಗಳನ್ನು ಅಷ್ಟು ಶಿಸ್ತಿನಿಂದ ಪಾಲಿಸುವುದಿಲ್ಲ.

ತಂಪಿನ ವಿಷಯವನ್ನೇ ನೋಡಿ. ಸೂರ್ಯ ಗಾಳಿಯನ್ನು ನೇರವಾಗಿ ಕಾಯಿಸುವುದು ಕಡಿಮೆ. ಅವನು ನೆಲವನ್ನು ಕಾಯಿಸುತ್ತಾನೆ, ನೆಲ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಮೇಲೇಳುತ್ತ ಒತ್ತಡ ಕಡಿಮೆಯಾದ ಕಡೆ ಹಿಗ್ಗುತ್ತದೆ, ಹಿಗ್ಗುತ್ತ ತಣಿಯುತ್ತದೆ. ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಇಳಿಕೆ. ಕುಕ್ಕೆಯಲ್ಲಿ 30 ಡಿಗ್ರಿ ಇದ್ದರೆ ನೆತ್ತಿಯಲ್ಲಿ 20ರ ಆಸುಪಾಸು. ಆದರೆ ಇದು ಹಗಲಿನ ಲೆಕ್ಕ. ಚಳಿಗಾಲದ ಬೆಳಗಿನ ಜಾವ ಹೊರಟು ನೋಡಿ, ಲೆಕ್ಕ ತಲೆಕೆಳಗು. ರಾತ್ರಿ ತಣಿದ ಭಾರದ ಗಾಳಿ ಇಳಿಜಾರಿನಲ್ಲಿ ಜಾರಿಹೋಗಿ ಕುಮಾರಧಾರಾ ಹೊಳೆಯ ಕಣಿವೆಯಲ್ಲಿ ತುಂಬಿಕೊಂಡಿರುತ್ತದೆ. ಕೆಳಗೆ ಮಂಜು, ನಡುಕ. ನಾನೂರು ಐನೂರು ಮೀಟರ್ ಹತ್ತಿದ ಮೇಲೆ ಮೈಗೆ ಹಿತವಾದ ಬೆಚ್ಚಗಿನ ಗಾಳಿ. ಬಿಸಿಲೇರಿ ಮಂಜು ಹರಿದ ಮೇಲಷ್ಟೇ ಪಠ್ಯಪುಸ್ತಕದ ಬೆಟ್ಟ ಮರಳಿ ಬರುತ್ತದೆ.

ಕಾಡು ತೆಳುವಾಗಿ ಬೆಳಕು ಕಾಣುವಲ್ಲಿ ಗಿರಿಗದ್ದೆ, ಚಾರಣಿಗರ ಬಾಯಲ್ಲಿ ಭಟ್ಟರ ಮನೆ. ಸುತ್ತ ಅಡಿಕೆ ತೋಟ. ಅನ್ನ, ಸಾರು, ಮಜ್ಜಿಗೆ. ಈ ಊಟದ ಕೀರ್ತಿ ಬೆಂಗಳೂರಿನ ಕಂಪ್ಯೂಟರ್ ಕಂಪನಿಗಳ ತನಕ ಹಬ್ಬಿರುವುದರಿಂದ ನಾನು ಹೆಚ್ಚು ಹೇಳಬೇಕಿಲ್ಲ. ಮೇಲೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಪುಷ್ಪಗಿರಿ ವನ್ಯಧಾಮದ ಕಾಯಿದೆ ಕಟ್ಟಳೆಗಳು ಇಲ್ಲಿ ಲಾಗು. 2024ರ ಜನವರಿಯಲ್ಲಿ ಸಾವಿರಾರು ಜನ ಒಟ್ಟಿಗೆ ನುಗ್ಗಿ ಜಾತ್ರೆಯಾದ ಮೇಲೆ ಚಾರಣವನ್ನು ಕೆಲಕಾಲ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಇದ್ದವರಿಗಷ್ಟೇ ಪ್ರವೇಶ ಎಂದು ಮಾಡಿದರು. ಒಳ್ಳೆಯದೇ ಆಯಿತು.

ಹಂಬೋಲ್ಟನ ಚಿತ್ರ ಕೈಕೊಡುವುದು ಇಲ್ಲಿಂದ ಮುಂದೆ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳನ್ನು ಪುದುಚೇರಿಯ ಫ್ರೆಂಚ್ ಸಂಸ್ಥೆಯ ಜೆ.ಪಿ. ಪಾಸ್ಕಲ್ ಎತ್ತರದ ಮೇಲೆ ವಿಂಗಡಿಸಿದ್ದಾರೆ. ಸ್ಥೂಲವಾಗಿ 800 ಮೀಟರಿನ ತನಕ ಧೂಪದ ಬಳಗದ ಎತ್ತರದ ಮರಗಳ ಕಾಡು, ಅಲ್ಲಿಂದ 1400ರ ತನಕ ನಾಗಸಂಪಿಗೆಯಂಥ ಮರಗಳ ಮಧ್ಯಮ ಕಾಡು, ಅದರಾಚೆ ಗಿಡ್ಡ ಮರಗಳ ಶೋಲಾ. ಒಳ್ಳೆಯ ವಿಂಗಡಣೆ, ಘಟ್ಟದ ಉದ್ದಕ್ಕೂ ಉಪಯೋಗಕ್ಕೆ ಬರುವಂಥದ್ದು. ಕುಕ್ಕೆ ಕಡೆಯ ದಾರಿಯಲ್ಲಿ ಮಾತ್ರ ನಡುವಿನ ಹಾಳೆಯೇ ಹರಿದುಹೋಗಿದೆ. ಚೆಕ್‌ಪೋಸ್ಟ್ ದಾಟಿದ್ದೇ ತಡ, ಕಾಡು ಇದ್ದಕ್ಕಿದ್ದಂತೆ ಮುಗಿದು ಬೋಳು ಹುಲ್ಲುಗುಡ್ಡ ಎದುರು ನಿಲ್ಲುತ್ತದೆ. ಸೊಂಟದೆತ್ತರದ ಮುಳಿಹುಲ್ಲು, ಅಲ್ಲೊಂದು ಇಲ್ಲೊಂದು ನೆಲ್ಲಿ, ಕೌಲು, ಗಿಡ್ಡ ಈಚಲು. ಕಾಡು ಇದೆ, ಆದರೆ ಕಣಿವೆಯ ಮಡಿಕೆಗಳಲ್ಲಿ ನೀರಿನ ಜಾಡು ಹಿಡಿದು ಬೆಟ್ಟದ ಮೇಲಿನ ತನಕ ತೆವಳಿಕೊಂಡು ಹೋಗಿದೆ. ಒಂದೇ ಎತ್ತರದಲ್ಲಿ ಏಣಿನ ಮೇಲೆ ಹುಲ್ಲು, ಐವತ್ತು ಹೆಜ್ಜೆ ಪಕ್ಕದ ಮಡಿಕೆಯಲ್ಲಿ ಬೆತ್ತ ಹಬ್ಬಿದ ಕತ್ತಲೆ.

ಯಾಕೆ ಹೀಗೆ ಎಂಬ ಜಗಳ ಹಳೆಯದು. ಹುಲ್ಲುಗಾವಲೆಲ್ಲ ಮನುಷ್ಯ ಬೆಂಕಿಯಿಟ್ಟು, ದನ ಮೇಯಿಸಿ ಮಾಡಿದ್ದು ಎಂದು ಒಂದು ಪಕ್ಷ. ಇಬ್ಬನಿ ಹೆಪ್ಪುಗಟ್ಟುವ ಚಳಿಯಲ್ಲಿ ಮರದ ಸಸಿಗಳು ಸಾಯುತ್ತವೆ, ಹಾಗಾಗಿ ಹುಲ್ಲು ಗೆಲ್ಲುತ್ತದೆ ಎಂದು ಇನ್ನೊಂದು. ನೀಲಗಿರಿಯ ಮಟ್ಟಿಗೆ ಮೊದಲ ಪಕ್ಷದ ವಾದ ಪೂರ್ತಿ ನಿಲ್ಲುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಅಲ್ಲಿನ ಜೌಗುಮಣ್ಣಿನ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹುಲ್ಲು ಅಲ್ಲಿ ಇಪ್ಪತ್ತು ಸಾವಿರ ವರ್ಷಗಳಷ್ಟು ಹಿಂದೆಯೇ ಇತ್ತು. ಹವೆ ಬದಲಾದಂತೆ ಹುಲ್ಲೂ ಕಾಡೂ ಹಿಂದೆ ಮುಂದೆ ಸರಿಯುತ್ತ ಬಂದಿವೆ. ಆದರೆ ನೀಲಗಿರಿಯ ಆ ಜೌಗುಗಳು ಎರಡು ಸಾವಿರ ಮೀಟರಿನ ಮೇಲಿವೆ, ಅಲ್ಲಿ ಚಳಿಗೆ ನೆಲ ಬಿಳಿಚುತ್ತದೆ. ಕುಮಾರಪರ್ವತದ ಹುಲ್ಲು ಅದರ ಅರ್ಧ ಎತ್ತರದಲ್ಲೇ ಶುರು. ಇಲ್ಲಿ ಚಳಿಯ ನೆಪ ನಡೆಯುವುದಿಲ್ಲ. ನೆಲವನ್ನೇ ಕೇಳಿದರೆ ಬೇರೆ ಉತ್ತರ ಸಿಗುತ್ತದೆ: ದಾರಿ ಕೊರೆದ ಕಡೆ ಮಣ್ಣು ಗೇಣುದ್ದ, ಅದರಡಿ ಬಂಡೆ. ನೆಲ್ಲಿ, ಕೌಲು, ಈಚಲು ಮೂರೂ ಬೆಂಕಿಗೆ ಸುಟ್ಟರೂ ಮತ್ತೆ ಚಿಗುರುವ ಜಾತಿಗಳು. ಮೇಲಿನಿಂದ ಬೀಸುವ ಗಾಳಿಗೆ ತಡೆಯೇ ಇಲ್ಲ. ತೆಳು ಮಣ್ಣು, ಗಾಳಿ, ಬೆಂಕಿ ಮೂರೂ ಸೇರಿ ಮಾಡಿದ ಕೆಲಸವಿದು ಎಂದು ನನಗೆ ತೋರುತ್ತದೆ. ಎತ್ತರ ಇಲ್ಲಿ ನೇರವಾಗಿ ಏನನ್ನೂ ಮಾಡಿಲ್ಲ. ಗಾಳಿಯನ್ನು ಕರೆತಂದಿದೆ, ಮಣ್ಣನ್ನು ತೊಳೆದುಬಿಟ್ಟಿದೆ, ಅಷ್ಟೆ.

ಕಲ್ಲುಮಂಟಪ. ನಾಲ್ಕು ಕಂಬ, ಮೇಲೊಂದು ಚಪ್ಪಡಿ. ಮರವಿಲ್ಲದ ಈ ಬಿಸಿಲಿನಲ್ಲಿ ಸಿಗುವ ನೆರಳು ಇದೊಂದೇ, ಹಾಗಾಗಿ ಸದಾ ಜನ. ಪಶ್ಚಿಮಕ್ಕೆ ನೋಡಿದರೆ ಕರಾವಳಿ ಹಸಿರು ಚಾಪೆಯಂತೆ ಬಿದ್ದಿದೆ. ಜೂನ್ ತಿಂಗಳಲ್ಲಿ ಅರಬ್ಬಿ ಸಮುದ್ರದ ಮೋಡ ಬಂದು ಹಾಯುವುದು ಈ ಗೋಡೆಗೇ. ತೇವದ ಗಾಳಿ ಮೇಲೇರಿ ತಣಿದು ಮಳೆಯಾಗುತ್ತದೆ. ಹಾಗೆಂದು ಎತ್ತರ ಹೆಚ್ಚಿದಷ್ಟೂ ಮಳೆ ಹೆಚ್ಚು ಎಂದು ತಿಳಿಯಬಾರದು. ಆಗುಂಬೆ ಇರುವುದು ಬರೀ 640 ಮೀಟರಿನಲ್ಲಿ, ಅಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ. ಘಟ್ಟದ ಗೋಡೆ ಕಡಲಗಾಳಿಗೆ ನೇರ ಎದುರಾಗಿದ್ದರೆ ಸಾಕು. ಅದರ ಹಿಂದೆ ಎಷ್ಟೇ ಎತ್ತರದ ಬೆಟ್ಟವಿದ್ದರೂ ಸಿಗುವುದು ಹಿಂಡಿ ಉಳಿದ ಮೋಡ.

ಮುಂದೆ ಸಿಗುವ ಶೇಷಪರ್ವತದ ಏರು ಕಾಲನ್ನು ಹಿಂಡುತ್ತದೆ. ಅದರ ತುದಿಯಲ್ಲಿ ಬಲಕ್ಕೆ ಪ್ರಪಾತ, ಎದುರು ಕುಮಾರಪರ್ವತ, ನಡುವೆ ತಗ್ಗು. ಆ ತಗ್ಗಿನಲ್ಲಿ ಶೋಲಾ. ಬೆಳಗ್ಗೆ ಕುಕ್ಕೆಯಲ್ಲಿ ಕಂಡ ಕಾಡಿಗೂ ಇದಕ್ಕೂ ಸಂಬಂಧವೇ ಇಲ್ಲವೆನ್ನಿಸುತ್ತದೆ. ಅಲ್ಲಿ ಮೂವತ್ತು ನಲವತ್ತು ಮೀಟರ್ ಎತ್ತರದ ಮರಗಳಿದ್ದರೆ ಇಲ್ಲಿ ಹತ್ತು ಮೀಟರಿನವೇ ದೊಡ್ಡವು. ಕಾಂಡ ಸೊಟ್ಟ, ಎಲೆ ಸಣ್ಣದು, ದಪ್ಪ, ಒರಟು. ಕೊಂಬೆಗಳಿಗೆ ಹಾವಸೆ, ಕಲ್ಲುಹೂವು, ಸೀತಾಳೆ ಗಿಡಗಳ ಹೊದಿಕೆ. ಮಳೆಯಿಲ್ಲದ ದಿನವೂ ಮೋಡ ಈ ಎಲೆಗಳಿಗೆ ತಾಗಿ ಹನಿಯಾಗಿ ತೊಟ್ಟಿಕ್ಕುತ್ತದೆ. ಗಾಳಿಗೆ ಎದುರಾಗಿ ಬೆಳೆದ ಮರ ಉಳಿಯುವುದಿಲ್ಲ, ಬಗ್ಗಿ ಬೆಳೆದದ್ದು ಉಳಿಯುತ್ತದೆ.

ಇಂಥ ಕಾಡಿನ ಜೀವಿಗಳಲ್ಲಿ ನನಗೆ ಬಹಳ ಇಷ್ಟವಾದವು ಪೊದೆಗಪ್ಪೆಗಳು. ರೌರ್ಕೆಸ್ಟಿಸ್ ಕುಲದ, ಹೆಬ್ಬೆರಳಿನ ಉಗುರಿನಷ್ಟೇ ಇರುವವೂ ಉಂಟು. ಇವುಗಳಿಗೆ ಕೆರೆ ಹೊಂಡ ಬೇಕಿಲ್ಲ, ಗೊದಮೊಟ್ಟೆಯ ಹಂತವೇ ಇಲ್ಲ. ಒದ್ದೆ ಎಲೆಯ ಮೇಲೋ ತರಗಿನಡಿಯಲ್ಲೋ ಇಟ್ಟ ಮೊಟ್ಟೆಯಿಂದ ನೇರ ಕಪ್ಪೆಮರಿ ಹೊರಗೆ ಬರುತ್ತದೆ. ನೀರು ನಿಲ್ಲದ ಇಳಿಜಾರಿನಲ್ಲಿ ಬದುಕಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಒಂದು ಬೆಟ್ಟದ ನೆತ್ತಿಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವಿನ ಬಿಸಿ, ಒಣ ಕಣಿವೆ ದಾಟಬೇಕು, ಅದು ಈ ತೇವದ ಚರ್ಮಕ್ಕೆ ಆಗದ ಮಾತು. ಹಾಗಾಗಿ ಬೆಟ್ಟಕ್ಕೊಂದು ಜಾತಿ. 2014ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಪಿ. ವಿಜಯಕುಮಾರ್, ಕಾರ್ತಿಕ್ ಶಂಕರ್ ಮುಂತಾದವರು ಘಟ್ಟದ ಬೆಟ್ಟಗಳಿಂದ ಒಂದೇ ಸಲ ಒಂಬತ್ತು ಹೊಸ ಪೊದೆಗಪ್ಪೆಗಳನ್ನು ವರ್ಣಿಸಿದರು. ರೆಕ್ಕೆಯಿದ್ದವಕ್ಕೂ ಇದೇ ಕಥೆ. ಶೋಲಾದ ನೆಲದಲ್ಲಿ ಕುಪ್ಪಳಿಸುವ ನೀಲಿ ಬಣ್ಣದ ಒಂದು ಹಕ್ಕಿಯ ಬಳಗ ಪಾಲಕ್ಕಾಡ್ ಕಣಿವೆಯ ಉತ್ತರಕ್ಕೊಂದು, ದಕ್ಷಿಣಕ್ಕೆ ಬೇರೆ. ವಿ.ವಿ. ರಾಬಿನ್ ಮತ್ತು ಸಂಗಡಿಗರು 2017ರಲ್ಲಿ ಇವುಗಳಿಗೆ ಶೋಲಿಕೋಲಾ ಎಂಬ ಪ್ರತ್ಯೇಕ ಕುಲವನ್ನೇ ಕೊಟ್ಟರು. ಹಾರಬಲ್ಲ ಹಕ್ಕಿಯೂ ಬಿಸಿ ಕಣಿವೆ ದಾಟುವ ಗೋಜಿಗೆ ಹೋಗಿಲ್ಲ.

ಕೊನೆಯದು ನುಣ್ಣನೆಯ ಬಂಡೆ, ನೀರು ಜಿನುಗುತ್ತಿದ್ದರೆ ಕೈಯೂ ಬೇಕು. ಮೇಲೆ ಹುಲ್ಲಿನ ಬಯಲು, ಭಕ್ತರು ಜೋಡಿಸಿಟ್ಟ ಕಲ್ಲುಗಳ ಗುಪ್ಪೆ. ತಾರಕಾಸುರನನ್ನು ಕೊಂದ ಕುಮಾರಸ್ವಾಮಿಯ ಹೆಸರಿನ ಬೆಟ್ಟವಿದು, ಹೊಳೆಯೂ ಅವನದೇ. ಚೀಲದಲ್ಲಿದ್ದ ಚಿಪ್ಸ್ ಪೊಟ್ಟಣ ಉಬ್ಬಿ ಬಿರಿಯುವಂತಾಗಿದೆ. ಇಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಲಮಟ್ಟಕ್ಕಿಂತ ಶೇ. 18ರಿಂದ 19ರಷ್ಟು ಕಡಿಮೆ. ಭೂಮಿಯ ಒಟ್ಟು ಗಾಳಿಯ ಹೆಚ್ಚುಕಡಿಮೆ ಐದನೇ ಒಂದು ಪಾಲು ಈಗ ನಮ್ಮ ಕಾಲ ಕೆಳಗಿದೆ. ನೀರು 94 ಡಿಗ್ರಿಯಲ್ಲೇ ಕುದಿಯುತ್ತದೆ. ಉಸಿರಾಟಕ್ಕೆ ಮಾತ್ರ ಇದು ದೊಡ್ಡ ವ್ಯತ್ಯಾಸವಲ್ಲ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಡುವುದು 2500 ಮೀಟರಿನಾಚೆ. ಇಲ್ಲಿ ಏದುಸಿರು ಬಂದರೆ ಆಮ್ಲಜನಕದ ಮೇಲೆ ಹಾಕದೆ ಕುರ್ಚಿ ಕೆಲಸದ ಮೇಲೆ ಹಾಕುವುದು ಪ್ರಾಮಾಣಿಕ.

ನೆತ್ತಿಯ ಮೇಲೆ ಕೂತು ಒಂದು ಸಣ್ಣ ಗುಣಾಕಾರ ಮಾಡಬಹುದು. ಶೋಲಾ ಶುರುವಾಗುವುದು 1400ರ ಸುಮಾರಿಗೆ ಎಂದಿಟ್ಟುಕೊಂಡರೆ ತುದಿಗೆ ಉಳಿದದ್ದು 312 ಮೀಟರ್. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯ ಲೆಕ್ಕದಲ್ಲಿ ಇದು ಎರಡು ಡಿಗ್ರಿ. ಹವೆ ಎರಡು ಡಿಗ್ರಿ ಕಾದರೆ ಇಂದು 1400ರಲ್ಲಿರುವ ತಂಪು ಕುಮಾರಪರ್ವತದ ತುತ್ತತುದಿಗೆ ಬಂದು ನಿಲ್ಲುತ್ತದೆ. ಕೆಳಗಿನ ಧೂಪಕ್ಕೆ ಮೇಲೆ ಸರಿಯಲು ಜಾಗವಿದೆ. ಶೋಲಾದ ಕಪ್ಪೆಗೆ ಇದರಾಚೆ ಇರುವುದು ಆಕಾಶ. ಹಿಮಾಲಯದಲ್ಲಾದರೆ ಇನ್ನೂ ಸಾವಿರಾರು ಮೀಟರ್ ಮೇಲಕ್ಕೆ ಓಡಬಹುದಿತ್ತು.

ಇಳಿಯಲು ನಾನು ಆರಿಸುವುದು ಕೊಡಗಿನ ಹೆಗ್ಗಡಮನೆ ಕಡೆಯ ದಾರಿ, ಕುಕ್ಕೆಯದರ ಅರ್ಧದಷ್ಟು ಉದ್ದ. ಕುಕ್ಕೆ ಕಡೆ ಕಳೆದುಹೋಗಿದ್ದ ನಡುವಿನ ಕಾಡು ಇಲ್ಲಿ ಇಡಿಯಾಗಿ ಸಿಗುತ್ತದೆ. ಕೋಲುಬೇರುಗಳ ಮೇಲೆ ನಿಂತ ಬಲಗಿ ಮರಗಳು ಗುಂಪುಗುಂಪಾಗಿ. ಅದೇ ಬೆಟ್ಟ, ಅದೇ ಎತ್ತರ, ಆಚೆ ಹುಲ್ಲು, ಈಚೆ ನಡುಹಗಲಲ್ಲೂ ಟಾರ್ಚು ಬೇಕೆನ್ನಿಸುವ ಕಾಡು. ಕೆಳಗಿನ ನೆಲವೂ ಕುಕ್ಕೆಯಷ್ಟು ತಗ್ಗಿಲ್ಲ, ಘಟ್ಟದ ಮೇಲಿನ ಪ್ರಸ್ಥಭೂಮಿ ಅದು. ಇಲ್ಲಿನ ನೀರೂ ಪೂರ್ವಕ್ಕೆ ಕಾವೇರಿಗೆ ಹೋಗುವುದಿಲ್ಲ. ಮಲ್ಲಳ್ಳಿಯಲ್ಲಿ ಧುಮುಕಿ, ಬೆಟ್ಟ ಸುತ್ತಿಕೊಂಡು ಕುಕ್ಕೆಗೇ ಇಳಿಯುತ್ತದೆ.

ಕಾಡು ಮುಗಿದಲ್ಲಿ ಏಲಕ್ಕಿ, ಕಾಫಿ. ಕಾಫಿಯವರೂ ಎತ್ತರದ ಪಾಠವನ್ನು ಕಲಿತವರು: ಸಾವಿರ ಮೀಟರಿನ ಮೇಲೆ ಅರೇಬಿಕಾ, ಕೆಳಗೆ ರೊಬಸ್ಟಾ. ತಂಪಿನಲ್ಲಿ ಹಣ್ಣು ನಿಧಾನ ಕಳಿತು ಬೀಜ ಗಟ್ಟಿಯಾಗುತ್ತದೆ, ಹುಳಿ ಪರಿಮಳ ಏರುತ್ತದೆ. ಆದರೆ ಬಿಳಿ ಕಾಂಡಕೊರಕದ ಹಾವಳಿ, ಆಳಿನ ಖರ್ಚು ತಾಳಲಾರದೆ ಅರೇಬಿಕಾ ಕಿತ್ತು ರೊಬಸ್ಟಾ ಹಾಕಿದ ತೋಟಗಳು ಕೊಡಗಿನಲ್ಲಿ ಬೇಕಾದಷ್ಟಿವೆ. ದೇಶದ ಕಾಫಿಯಲ್ಲಿ ಸುಮಾರು ಮುಕ್ಕಾಲು ಪಾಲು ಈಗ ರೊಬಸ್ಟಾ. ಸೋಮವಾರಪೇಟೆಯ ರಸ್ತೆ ಹಿಡಿದಾಗ ಎಡಬಲದ ತೋಟಗಳಲ್ಲಿ ಎಲೆ ನೋಡುತ್ತ ಹೋಗಿ. ಸಣ್ಣ, ಹೊಳೆಯುವ ಎಲೆ ಅರೇಬಿಕಾ. ಅಗಲ, ಗೆರೆಗೆರೆಯಾಗಿ ಸುಕ್ಕಿದ್ದು ರೊಬಸ್ಟಾ. ಒಂದೇ ಬೇಲಿಯ ಎರಡು ಬದಿಗೆ ಎರಡೂ ಸಿಕ್ಕಿದರೆ, ಅಲ್ಲಿ ಗೆರೆ ಎಳೆದದ್ದು ಎತ್ತರವೋ ಮಾಲೀಕನ ಜೇಬೋ ಎಂದು ಅಲ್ಲಿಯವರನ್ನೇ ಕೇಳಬೇಕು.