ರೊಚ್ಚಮೆಲೋನೆ: ಒಂದೇ ಬೆಟ್ಟಕ್ಕೆ ಎರಡು ಸಲ

ಕಾಸರಗೋಡಿನ ನಮ್ಮ ಕಡೆ ಬಾಯಾರಿನ ಪೊಸಡಿ ಗುಂಪೆಯನ್ನು ಹತ್ತದೆ ದೊಡ್ಡವರಾದ ಮಕ್ಕಳು ಕಡಿಮೆ. ಜ್ಞಾನೋಪದೇಶದ ತರಗತಿಯವರು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದೆವು. ಓಡುತ್ತಾ ಹತ್ತಿ, ಬುತ್ತಿ ಬಿಚ್ಚಿ, ಪಶ್ಚಿಮದಲ್ಲಿ ಹೊಳೆಯುವ ಅರಬ್ಬೀ ಸಮುದ್ರವನ್ನು ನೋಡಿ, ಓಡುತ್ತಲೇ ಇಳಿದು ಬರುತ್ತಿದ್ದೆವು. ಬೆಟ್ಟ ಹತ್ತುವುದೆಂದರೆ ಇಷ್ಟೇ ಎಂದು ನಾವು ಬಹಳ ವರ್ಷ ನಂಬಿಕೊಂಡಿದ್ದೆವು. ಈ ನಂಬಿಕೆ ಮುರಿದದ್ದು 2019ರ ಆಗಸ್ಟ್ ತಿಂಗಳಲ್ಲಿ, ಇಟಲಿಯ ಆಲ್ಪ್ಸ್ ಪರ್ವತಗಳಲ್ಲಿ.

ರೋಮ್‌ನಲ್ಲಿ ಓದುತ್ತಿರುವ ಹೊರದೇಶದ ಗುರುಗಳನ್ನು ಬೇಸಿಗೆ ರಜೆಯಲ್ಲಿ ಅಲ್ಲಿನ ಧರ್ಮಕೇಂದ್ರಗಳಿಗೆ ಸಹಾಯಕ್ಕೆ ಕಳುಹಿಸುವ ವಾಡಿಕೆಯಿದೆ. ಹಾಗೆ ನಾವಿಬ್ಬರು ಟ್ಯೂರಿನ್ ನಗರದ ಪಶ್ಚಿಮಕ್ಕಿರುವ ಸೂಸಾ ಕಣಿವೆಗೆ ಹೋಗಿದ್ದೆವು. ನಮ್ಮ ಸಂಗಾತಿ ಹೊಸೂರು ಕಡೆಯ ಗುರುಗಳು. ಒಬ್ಬರು ಕೇರಳದವರು, ಇನ್ನೊಬ್ಬರು ತಮಿಳುನಾಡಿನವರು. ಆದರೆ ಅಡುಗೆಮನೆಯಲ್ಲಿ ಮಾತಾಡುತ್ತಿದ್ದದ್ದು ಕನ್ನಡ. ಆ ಮನೆಯ ಕಿಟಕಿ ತೆರೆದರೆ ಎದುರಿಗೇ ಕಾಣುತ್ತಿದ್ದ ಬೋಳು ಕಲ್ಲಿನ ಶಿಖರವೇ ರೊಚ್ಚಮೆಲೋನೆ.

ಹರಕೆಯ ಬೆಟ್ಟ

ಈ ಶಿಖರದ ಎತ್ತರ 3,538 ಮೀಟರ್. ನಮ್ಮ ನೀಲಗಿರಿಯ ದೊಡ್ಡಬೆಟ್ಟ 2,637 ಮೀಟರ್ ಎಂದು ನೆನಪಿಸಿಕೊಂಡರೆ ಅಂದಾಜು ಸಿಗುತ್ತದೆ. ಕೆಳಗಿನ ಸೂಸಾ ಪಟ್ಟಣ ಇರುವುದು ಸುಮಾರು 500 ಮೀಟರ್ ಎತ್ತರದಲ್ಲಿ. ಅಲ್ಲಿಂದ ಬೆಟ್ಟ ಗೋಡೆಯಂತೆ ಮೂರು ಸಾವಿರ ಮೀಟರ್ ನೆಟ್ಟಗೆ ಎದ್ದು ನಿಂತಿದೆ. ಆದ್ದರಿಂದಲೇ ಆಲ್ಪ್ಸ್‌ನಲ್ಲಿ ಇದೇ ಅತಿ ಎತ್ತರದ ಬೆಟ್ಟವೆಂದು ಹಿಂದಿನ ಜನ ಬಹುಕಾಲ ತಿಳಿದಿದ್ದರು.

ಬೆಟ್ಟದ ಬುಡದಲ್ಲಿ 726ರಲ್ಲಿ ಸ್ಥಾಪನೆಯಾದ ನೊವಾಲೇಜಾ ಮಠವಿದೆ. ಹನ್ನೊಂದನೇ ಶತಮಾನದಲ್ಲಿ ಅಲ್ಲಿನ ಸನ್ಯಾಸಿಗಳು ಬರೆದಿಟ್ಟ ಚರಿತ್ರೆಯಲ್ಲಿ ಈ ಬೆಟ್ಟದ ದಂತಕಥೆಯೊಂದು ಬರುತ್ತದೆ. ಶಿಖರದಲ್ಲಿ ಪುರಾತನ ರಾಜನೊಬ್ಬ ನಿಧಿ ಬಚ್ಚಿಟ್ಟಿದ್ದನಂತೆ. ಅದರ ಆಸೆಗೆ ಹತ್ತಿದವರನ್ನು ಮೋಡ ಕವಿದು, ಮೇಲಿನಿಂದ ಕಲ್ಲು ಬಿದ್ದು ಹಿಂದಕ್ಕೆ ಅಟ್ಟಿದವಂತೆ. ಕಥೆ ಕಥೆಯೇ ಇರಲಿ, ಮೋಡ ಮತ್ತು ಕಲ್ಲಿನ ಮಾತು ಮಾತ್ರ ಇಂದಿಗೂ ಸತ್ಯ.

ಕೊನೆಗೆ 1358ರ ಸೆಪ್ಟೆಂಬರ್ 1ರಂದು ಆಸ್ತಿ ಪಟ್ಟಣದ ಬೊನಿಫಾಚೊ ರೊತಾರಿಯೊ ಎಂಬಾತ ಶಿಖರ ತಲುಪಿದ. ಮಾತೆ ಮರಿಯಮ್ಮನವರ ಚಿತ್ರವಿರುವ, ಮೂರು ಮಡಿಕೆಯ ಲೋಹದ ಫಲಕವೊಂದನ್ನು ಹೊತ್ತುಕೊಂಡು ಹೋಗಿ ಅಲ್ಲಿ ಇಟ್ಟ. ಯುದ್ಧದಲ್ಲಿ ಸೆರೆಸಿಕ್ಕಿ, ಬಿಡುಗಡೆಯಾದರೆ ಹೀಗೆ ಮಾಡುವೆನೆಂದು ಹರಕೆ ಹೊತ್ತಿದ್ದನೆಂಬುದು ಅಲ್ಲಿನವರ ಪರಂಪರೆಯ ಮಾತು. ಅವನ ಹೆಸರು, ದಿನಾಂಕ ಆ ಫಲಕದ ಮೇಲೆಯೇ ಇವೆ. ಆಲ್ಪ್ಸ್‌ನ ಎತ್ತರದ ಶಿಖರವನ್ನು ಹತ್ತಿದ್ದಕ್ಕೆ ಸಿಗುವ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಫಲಕ ಈಗ ಸೂಸಾದಲ್ಲಿ ಜೋಪಾನವಾಗಿದೆ. ಪ್ರತಿ ವರ್ಷ ಆಗಸ್ಟ್ 5ರಂದು, ಹಿಮದ ಮಾತೆಯ ಹಬ್ಬಕ್ಕೆ, ಜನ ಇಂದಿಗೂ ಕಾಲ್ನಡಿಗೆಯಲ್ಲಿ ಶಿಖರಕ್ಕೆ ಹೋಗುತ್ತಾರೆ.

ಮೊದಲ ಸಲ

ಹಬ್ಬದ ಮರುದಿನಗಳಲ್ಲಿ ಒಮ್ಮೆ, ಆಗಸ್ಟ್ 7ರ ಬುಧವಾರ, ಯಾರನ್ನೂ ಕೇಳದೆ ನಾವಿಬ್ಬರೇ ಹೊರಟೆವು. ಬೆಳಗಿನ ಬಲಿಪೂಜೆ ಮುಗಿಸಿ, ಕಾಫಿ ಕುಡಿದು, ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಕಾರು ಓಡಿಸಿ ಲಾ ರಿಪೋಸಾ ಎಂಬಲ್ಲಿಗೆ ತಲುಪುವಾಗ ಗಂಟೆ ಹತ್ತು. ಕಾರು ಹೋಗುವುದು ಅಲ್ಲಿಯವರೆಗೆ. ಎತ್ತರ 2,205 ಮೀಟರ್. ಅಲ್ಲಿಂದ ಶಿಖರಕ್ಕೆ 1,333 ಮೀಟರ್ ಏರಬೇಕು. ಸಾಧಾರಣ ನಡಿಗೆಯವರಿಗೆ ನಾಲ್ಕು ಗಂಟೆಯ ದಾರಿ. ನಮ್ಮ ಕಾಲಲ್ಲಿ ಪೇಟೆಯಲ್ಲಿ ಹಾಕುವ ಬೂಟು, ಚೀಲದಲ್ಲಿ ಒಂದು ಲೀಟರ್ ನೀರು, ಎರಡು ಸೇಬು.

ಮೊದಲು ಹುಲ್ಲುಗಾವಲು. ಹಸುಗಳ ಕುತ್ತಿಗೆಯ ಗಂಟೆಯ ಸದ್ದು, ನೀಲಿ, ಹಳದಿ ಹೂಗಳು. ತಡವಾಗಿದೆಯೆಂದು ಬಿರುಸಾಗಿ ನಡೆದೆವು. ಹನ್ನೆರಡಕ್ಕೆ ಮುಂಚೆಯೇ 2,854 ಮೀಟರ್ ಎತ್ತರದ ಕಾ ದಾಸ್ತಿ ವಿಶ್ರಾಂತಿಧಾಮ ಸಿಕ್ಕಿತು. ಅಲ್ಲೊಂದು ಚಿಕ್ಕ ಪ್ರಾರ್ಥನಾಲಯವೂ ಇದೆ. ಹೆಸರೇ ಹೇಳುವಂತೆ ಅದು ಆಸ್ತಿಯವನ ಮನೆ. ದೊಡ್ಡಬೆಟ್ಟಕ್ಕಿಂತ ಎತ್ತರಕ್ಕೆ ಬಂದೆವೆಂದು ಹಿಗ್ಗಿ, ಕುಳಿತುಕೊಳ್ಳದೆ ಮುಂದೆ ಹೊರಟೆವು.

ಅಲ್ಲಿಂದ ಮೇಲೆ ಹುಲ್ಲು ಮುಗಿಯುತ್ತದೆ. ಸಡಿಲ ಕಲ್ಲುಗಳ ಇಳಿಜಾರಿನಲ್ಲಿ ಕಾಲುದಾರಿ ಹಾವಿನಂತೆ ಸುತ್ತಿ ಸುತ್ತಿ ಏರುತ್ತದೆ. ಒಂದು ಗಂಟೆಯ ಹೊತ್ತಿಗೆ ಕೆಳಗಿನ ಕಣಿವೆಯಿಂದ ಮೋಡ ಎದ್ದು ಬಂತು. ಬಯಲಿನ ಬಿಸಿ ಗಾಳಿ ಮಧ್ಯಾಹ್ನ ಬೆಟ್ಟಕ್ಕೆ ತಾಗಿ ಮೇಲೇರಿ, ತಂಪಾಗಿ ಮೋಡವಾಗುವುದು ಅಲ್ಲಿ ಬೇಸಿಗೆಯಲ್ಲಿ ಸಾಮಾನ್ಯ. ಹತ್ತು ಮಾರು ದೂರದ ಕಲ್ಲು ಕಾಣದಾಯಿತು. ಅಷ್ಟರಲ್ಲಿ ಸಂಗಾತಿ ಗುರುಗಳು ತಲೆ ಹಿಡಿದುಕೊಂಡು ಕುಳಿತರು. ತಲೆನೋವು, ಓಕರಿಕೆ. ಸೇಬು ಕೊಟ್ಟರೆ ಬೇಡವೆಂದರು.

ಆಗ ನಡೆದದ್ದನ್ನು ಮುಚ್ಚಿಡುವುದಿಲ್ಲ. ನಮ್ಮಲ್ಲೊಬ್ಬರು, ಅಂದರೆ ಈ ಲೇಖನ ಬರೆಯುತ್ತಿರುವವರೇ, ಹೀಗೆಂದರು: "ಫಾದರ್, ನೀವು ಇಲ್ಲೇ ಕುಳಿತಿರಿ. ಇನ್ನು ಸ್ವಲ್ಪವೇ ಇರುವುದು. ಮೇಲೆ ಹೋಗಿ ಒಂದು ಗಂಟೆಯಲ್ಲಿ ಬಂದುಬಿಡುತ್ತೇವೆ." ಹೋಗುವುದು ಒಬ್ಬರೇ ಆದರೂ 'ಬರುತ್ತೇವೆ' ಎಂದೇ ಬಾಯಿಗೆ ಬಂತು! ಅವರು ಪಾಪ, "ಹೋಗಿ ಬನ್ನಿ" ಎಂದರು.

ಸುಮಾರು ನಲವತ್ತು ಹೆಜ್ಜೆ ಹಾಕಿರಬಹುದು. ತಿರುಗಿ ನೋಡಿದರೆ ಬಿಳಿ ಮೋಡದ ಹೊರತು ಏನೂ ಇಲ್ಲ. ಕೂಗಿದರೆ ಉತ್ತರ ಬಂತು, ಆದರೆ ಯಾವ ದಿಕ್ಕಿನಿಂದ ಎಂದು ತಿಳಿಯಲಿಲ್ಲ. ಆ ಕ್ಷಣದಲ್ಲಿ ಹೊಟ್ಟೆಯೊಳಗೆ ಹುಟ್ಟಿದ ಭಯ ಈಗಲೂ ನೆನಪಿದೆ. ಮೇಲಿರುವುದು ಮಾತೆಯ ಪ್ರತಿಮೆ. ಕೆಳಗಿರುವುದು ಜ್ವರ ಬಂದ ಮಗುವಿನಂತೆ ಕುಳಿತ ಸಹೋದರ. ಯಾರನ್ನು ಬಿಟ್ಟು ಯಾರ ಬಳಿಗೆ ಹೋಗುತ್ತಿದ್ದೇವೆ? ಕೂಗುತ್ತಾ, ಕಾಲಿನಿಂದ ದಾರಿ ತಡಕುತ್ತಾ ಹಿಂದಕ್ಕೆ ಬಂದು ಅವರ ಕೈ ಹಿಡಿದಾಗಲೇ ಉಸಿರು ನೆಟ್ಟಗಾದದ್ದು. ಶಿಖರದ ಆಸೆ ಬಿಟ್ಟು, ಇಬ್ಬರೂ ನಿಧಾನವಾಗಿ ಇಳಿದೆವು. ಕಾ ದಾಸ್ತಿ ತಲುಪುವಾಗಲೇ ಅವರ ತಲೆನೋವು ಅರ್ಧ ಇಳಿದಿತ್ತು.

ಅಜ್ಜನ ಮೂರು ಪ್ರಶ್ನೆ

ಸಂಜೆ ಧರ್ಮಕೇಂದ್ರದ ಹಿರಿಯರೊಬ್ಬರು ನಮ್ಮ ಸುಟ್ಟ ಮುಖ ನೋಡಿಯೇ ವಿಷಯ ಊಹಿಸಿದರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದ, ಎಪ್ಪತ್ತು ದಾಟಿದ ಅಜ್ಜ. ಬೈಯಲಿಲ್ಲ. ಅಲ್ಲಿ ಗುರುಗಳನ್ನು 'ದೊನ್' ಎಂದು ಕರೆಯುವುದು ರೂಢಿ. "ದೊನ್, ಎಷ್ಟು ಗಂಟೆಗೆ ಹೊರಟಿರಿ?" ಎಂದು ಕೇಳಿದರು. ಹೇಳಿದೆವು. "ಎಷ್ಟು ನೀರು ಕುಡಿದಿರಿ?" ಅದನ್ನೂ ಹೇಳಿದೆವು. "ಯಾರು ಮುಂದೆ ನಡೆಯುತ್ತಿದ್ದಿರಿ?" ಗಟ್ಟಿಯಿದ್ದವರು ಮುಂದೆ, ದಣಿದವರು ಹಿಂದೆ ಎಂದೆವು. ಅಜ್ಜ ತಲೆಯಾಡಿಸಿದರು. "ಬೆಟ್ಟದಲ್ಲಿ ನಿಧಾನದವರು ಮುಂದೆ ನಡೆಯಬೇಕು. ಅವರ ಹೆಜ್ಜೆಯೇ ಎಲ್ಲರ ಹೆಜ್ಜೆ," ಎಂದರು.

ಆಮೇಲೆ ಅವರು ವಿವರಿಸಿದ್ದು ಎಲ್ಲರಿಗೂ ತಿಳಿದಿರಬೇಕಾದ ಸಂಗತಿ. ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಪ್ರತಿ ಉಸಿರಿನಲ್ಲೂ ಆಮ್ಲಜನಕ ಅಷ್ಟೇ ಕಡಿಮೆ. 2,500 ಮೀಟರ್ ದಾಟಿದ ಮೇಲೆ ಯಾರಿಗೂ, ಗಟ್ಟಿಮುಟ್ಟಾದವರಿಗೂ, ತಲೆನೋವು, ಓಕರಿಕೆ, ತಲೆಸುತ್ತು ಬರಬಹುದು. ವೇಗವಾಗಿ ಏರಿದರೆ ಅಪಾಯ ಹೆಚ್ಚು. ಬಂದಾಗ ಇನ್ನೂ ಮೇಲೆ ಹೋಗಬಾರದು. ಕಡಿಮೆಯಾಗದಿದ್ದರೆ ಕೆಳಗಿಳಿಯುವುದೇ ದೊಡ್ಡ ಮದ್ದು. ಹಾಗೆ ಇಳಿಯುವವರನ್ನು ಒಬ್ಬರೇ ಬಿಡಬಾರದು. ಈ ಕೊನೆಯ ಮಾತನ್ನು ಹೇಳುವಾಗ ಅಜ್ಜ ನಮ್ಮ ಮುಖ ನೋಡಲಿಲ್ಲ. ನಾವೂ ಅವರ ಮುಖ ನೋಡಲಿಲ್ಲ.

ಎರಡನೇ ಸಲ

ಮಾತೆಯ ಸ್ವರ್ಗಸ್ವೀಕಾರದ ಹಬ್ಬ ಮುಗಿದ ಮರುದಿನ, ಆಗಸ್ಟ್ 16ರಂದು, ಅಜ್ಜನೇ ನಮ್ಮನ್ನು ಕರೆದೊಯ್ದರು. ಅದಕ್ಕೆ ಮುಂಚೆ ಎರಡು ದಿನ ಬೇರೆ ದಾರಿಗಳಲ್ಲಿ 2,500 ಮೀಟರ್‌ವರೆಗೆ ನಡೆಸಿ ನಮ್ಮ ಮೈಯನ್ನು ಪಳಗಿಸಿದ್ದರು. ಬೆಳಗಿನ ಐದೂವರೆಗೆ ಲಾ ರಿಪೋಸಾದಲ್ಲಿದ್ದೆವು. ಕಾಲಿಗೆ ಅಜ್ಜ ಕೇಳಿ ತಂದ ಗಟ್ಟಿ ತಳದ ಬೂಟು. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ರೊಟ್ಟಿ, ಗಿಣ್ಣು, ಉಣ್ಣೆಯ ಟೋಪಿ, ಮಳೆಯಂಗಿ. ಆಗಸ್ಟ್‌ನಲ್ಲಿ ಉಣ್ಣೆ ಟೋಪಿ ಏಕೆಂದು ನಗಬೇಡಿ. ಸಾವಿರ ಮೀಟರ್ ಏರಿದರೆ ಉಷ್ಣತೆ ಆರು ಡಿಗ್ರಿಯಷ್ಟು ಇಳಿಯುತ್ತದೆ. ಬೇಸಿಗೆಯಲ್ಲೂ ಅಲ್ಲಿ ಹಿಮ ಬೀಳುವುದುಂಟು.

ಹೊಸೂರಿನ ಗುರುಗಳು ಮುಂದೆ, ನಾವು ನಡುವೆ, ಅಜ್ಜ ಹಿಂದೆ. ಮದುವೆ ಮೆರವಣಿಗೆಯಷ್ಟು ನಿಧಾನ. ಮಾತಾಡುತ್ತಾ ನಡೆಯಲು ಆಗಬೇಕು, ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದು ಅರ್ಥ. ಹಿಂದಿನ ಸಲ ಕಾಣದ ಎಷ್ಟೋ ಸಂಗತಿಗಳು ಈ ಸಲ ಕಂಡವು: ಬಂಡೆಯ ಸಂದಿಯಿಂದ ಇಣುಕುವ ದಪ್ಪ ಮೈಯ ಮರ್ಮಟ್ ಅಳಿಲುಗಳು, ದೂರದಲ್ಲಿ ಬೆಳಗಿನ ಬಿಸಿಲಿಗೆ ಕೆಂಪಾದ ಮೊನ್‌ವೀಜೊ ಶಿಖರ.

ಅಂದು ನಿಂತುಹೋದ ಜಾಗ ಬಂದಾಗ ಇಬ್ಬರೂ ಮಾತಾಡಲಿಲ್ಲ. ಆಕಾಶ ಶುಭ್ರವಾಗಿತ್ತು. ಆ ನಲವತ್ತು ಹೆಜ್ಜೆಯ ಬಲಗಡೆಗೆ ಇಳಿಜಾರು ಎಷ್ಟು ಕಡಿದಾಗಿದೆಯೆಂದು ಆಗಲೇ ತಿಳಿದದ್ದು. ದೇವರಿಗೆ ಸ್ತೋತ್ರ ಎಂದು ಮನಸ್ಸಿನಲ್ಲೇ ಹೇಳಿಕೊಂಡೆವು.

3,306 ಮೀಟರ್‌ನಲ್ಲಿ ಲಾ ಕ್ರೊಚೆತ್ತಾ, ಅಂದರೆ ಚಿಕ್ಕ ಶಿಲುಬೆ. ಅಲ್ಲಿಂದ ಮೇಲೆ ಬರೀ ಬಂಡೆ. ಇಕ್ಕಟ್ಟಾದ ಕಡೆಗಳಲ್ಲಿ ಹಿಡಿದುಕೊಳ್ಳಲು ಬಂಡೆಗೆ ಹಗ್ಗ ಬಿಗಿದಿದ್ದಾರೆ. ಒಂದು ಕೈ ಹಗ್ಗಕ್ಕೆ, ಒಂದು ಕೈ ಕಲ್ಲಿಗೆ, ಪಕ್ಕದಲ್ಲಿ ಪಾತಾಳ. ಇಪ್ಪತ್ತು ಹೆಜ್ಜೆಗೊಮ್ಮೆ ಮುಂದಿನವರು ನಿಂತರೆ ಎಲ್ಲರೂ ನಿಂತೆವು. ಹತ್ತೂವರೆಗೆ ಶಿಖರದಲ್ಲಿದ್ದೆವು. ಮೊದಲು ಕಾಲಿಟ್ಟವರು ಹೊಸೂರಿನ ಗುರುಗಳು.

ಶಿಖರದಲ್ಲಿ

ಮೇಲೆ ಮಾತೆಯ ಕಂಚಿನ ಪ್ರತಿಮೆ, ಪಕ್ಕದಲ್ಲಿ ಚಿಕ್ಕ ಪ್ರಾರ್ಥನಾಲಯ. ಉತ್ತರಕ್ಕೆ ಫ್ರಾನ್ಸ್ ದೇಶದ ಕಡೆ ಹಿಮನದಿಯ ಬಿಳಿ ಹಾಸು. ಅದು ಕರಗಿ ಕುಗ್ಗುತ್ತಾ ಬಂದಿದೆ. ಕರಗಿದ ನೀರು ಕೆರೆಯಾಗಿ ನಿಂತು, ಒಡೆದರೆ ಕೆಳಗಿನ ಊರುಗಳಿಗೆ ಅಪಾಯವೆಂದು 2004ರಲ್ಲಿ ಅದನ್ನು ಹೊರಹರಿಸುವ ಕೆಲಸ ಆರಂಭಿಸಬೇಕಾಯಿತೆಂದು ಅಜ್ಜ ಹೇಳಿದರು. ಬೆಟ್ಟದ ಎರಡೂ ಮಗ್ಗುಲು 1860ರವರೆಗೆ ಒಂದೇ ಅರಸರ ಆಳ್ವಿಕೆಯಲ್ಲಿದ್ದವು. ಆ ವರ್ಷ ಗಡಿರೇಖೆ ಬಂತು. ಗಡಿಯ ಆಚೆಯಿಂದಲೂ ಭಕ್ತರು ಹಿಮದ ಮೇಲೆ ನಡೆದು ಇದೇ ಮಾತೆಯ ಬಳಿಗೆ ಬರುತ್ತಿದ್ದರಂತೆ. ಗಡಿನಾಡಿನ ಕನ್ನಡಿಗರಾದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಪ್ರತಿಮೆಯ ಕಥೆ ಕೇಳಿ. 1899ರಲ್ಲಿ ಅದನ್ನು ನಿಲ್ಲಿಸಿದ್ದು ಇಟಲಿಯ ಸುಮಾರು 1,30,000 ಮಕ್ಕಳ ಕಾಣಿಕೆಯಿಂದ. ಯಾವ ಶ್ರೀಮಂತನೂ ಒಬ್ಬನೇ ಕೊಟ್ಟದ್ದಲ್ಲ. ಮಕ್ಕಳು ತಂದುಕೊಟ್ಟ ಪುಡಿಗಾಸು. ಮೂರು ಮೀಟರ್ ಎತ್ತರದ ಕಂಚನ್ನು ಹಾಗೆಯೇ ಹೊರುವುದು ಯಾರಿಂದಲೂ ಆಗದು. ಆದ್ದರಿಂದ ಬಿಡಿಭಾಗಗಳಾಗಿ ಮಾಡಿ, ಪರ್ವತದಳದ ಸೈನಿಕರು ಹೊತ್ತು ತಂದು ಮೇಲೆ ಜೋಡಿಸಿದರು. ನಾವು ಹಗ್ಗ ಹಿಡಿದು ಬರಿಗೈಯಲ್ಲಿ ಬಂದ ದಾರಿಯಲ್ಲಿ ಅವರು ಕಂಚಿನ ಭಾರ ಹೊತ್ತು ಬಂದರು! ಯಾರೊಬ್ಬರೂ ಪೂರ್ತಿ ಪ್ರತಿಮೆ ಹೊರಲಿಲ್ಲ. ಆದರೂ ಪೂರ್ತಿ ಪ್ರತಿಮೆ ಮೇಲೆ ಬಂತು.

ಪ್ರಾರ್ಥನಾಲಯದೊಳಗೆ ಇಬ್ಬರೂ ಕನ್ನಡದಲ್ಲಿ ಜಪಸರದ ಒಂದು ಹತ್ತು ಹೇಳಿದೆವು. ಅಜ್ಜ ತಮ್ಮ ಭಾಷೆಯಲ್ಲಿ ಉತ್ತರ ಕೊಟ್ಟರು. ಮೋಡ ಏಳುವ ಮುಂಚೆ ಇಳಿಯಬೇಕೆಂದು ಅವರು ಅರ್ಧ ಗಂಟೆಗೇ ಎಬ್ಬಿಸಿದರು. ಇಳಿಯುವಾಗ ಮೊಣಕಾಲು ನಡುಗುತ್ತದೆ, ಗುರಿ ಮುಟ್ಟಿದೆವೆಂದು ಗಮನ ಸಡಿಲವಾಗುತ್ತದೆ, ಎಡವುವುದು ಆಗಲೇ. ಹಾಗಾಗಿ ಇಳಿಯುವಾಗಲೂ ಅದೇ ಸಾಲು, ಅದೇ ನಿಧಾನ.

ನಮ್ಮ ಮನೆಗಳಲ್ಲಿ

ಟ್ಯೂರಿನ್ ನಗರದ ಯುವಕ ಪಿಯೆರ್ ಜೋರ್ಜೊ ಫ್ರಸ್ಸಾತಿ ಇದೇ ಸೀಮೆಯ ಬೆಟ್ಟಗಳನ್ನು ಪ್ರೀತಿಸಿದವರು. 1925ರಲ್ಲಿ 24ನೇ ವಯಸ್ಸಿಗೇ ತೀರಿಕೊಂಡ ಅವರನ್ನು ಜಗದ್ಗುರು 14ನೇ ಲಿಯೋ 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿಸಿದರು. ಆ ಸುದ್ದಿ ಬಂದ ದಿನ ಹೊಸೂರಿನಿಂದ ನಮಗೆ ಫೋನ್ ಬಂತು. ಹಳೆಯದೆಲ್ಲ ನೆನಪಾಯಿತು. "ಫಾದರ್, ಅಂದು ನೀವು ಹಿಂದಿರುಗಿ ಬರುತ್ತೀರೆಂದು ನನಗೆ ಗೊತ್ತಿತ್ತು," ಎಂದರು. ನಮಗೆ ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡೆವು.

ಪ್ರಿಯ ಓದುಗರೇ, ನಮ್ಮ ಕುಟುಂಬಗಳೂ ಹೀಗೆ ಬೆಟ್ಟ ಹತ್ತುವ ಸಾಲುಗಳೇ. ಪಾಠದಲ್ಲಿ ಹಿಂದುಳಿದ ಮಗು, ಮಂಡಿನೋವಿನ ಅಜ್ಜಿ, ಕೆಲಸ ಕಳೆದುಕೊಂಡು ಕುಗ್ಗಿದ ಮಗ, ಹೊಸದಾಗಿ ಬಂದು ಇನ್ನೂ ಹೊಂದಿಕೊಳ್ಳದ ಸೊಸೆ, ಹೀಗೆ ಪ್ರತಿ ಮನೆಯಲ್ಲೂ ಒಬ್ಬರು ನಿಧಾನದವರು ಇರುತ್ತಾರೆ. "ಇಲ್ಲೇ ಕುಳಿತಿರಿ, ಹೋಗಿ ಬರುತ್ತೇವೆ" ಎಂದು ನಾವು ಅವರಿಗೆ ಎಷ್ಟು ಸಲ ಹೇಳಿಲ್ಲ! ಈ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹತ್ತಿರದ ಒಂದು ಗುಡ್ಡವನ್ನಾದರೂ ಹತ್ತಿ. ಬೇಗ ಹೊರಡಿ, ನೀರು ಮರೆಯಬೇಡಿ. ಹೊರಡುವ ಮುಂಚೆ ಅಜ್ಜನ ಮೂರನೇ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಿ: ನಮ್ಮ ಸಾಲಿನಲ್ಲಿ ಮುಂದೆ ನಡೆಯುವವರು ಯಾರು?