ಇನ್ನೂರು ಡಾಲರಿನ ಕೋನನ್

1970ರಲ್ಲಿ ಅಮೆರಿಕದ ಮಾರ್ವೆಲ್ ಕಾಮಿಕ್ಸ್ ಅಂದರೆ ಸ್ಪೈಡರ್‌ಮ್ಯಾನ್, ಹಲ್ಕ್. ಲೋಕ ಕಾಪಾಡುವ ಸೂಪರ್‌ಹೀರೋಗಳು. ಅಕ್ಟೋಬರ್ ತಿಂಗಳಿನ ಸಂಚಿಕೆಯಾಗಿ ಅವರ ನಡುವೆ ಒಬ್ಬ ಒರಟ ಬಂದ. ಮೈಮೇಲೆ ಸರಿಯಾಗಿ ಬಟ್ಟೆಯಿಲ್ಲ, ಹಾರೋಕೆ ಬರಲ್ಲ, ಲೋಕೋದ್ಧಾರದ ಆಸೆಯೂ ಇಲ್ಲ. ಹೊಟ್ಟೆಪಾಡಿಗೆ ಕಳ್ಳತನ, ಕೂಲಿಗೆ ಯುದ್ಧ. ಕೈಯಲ್ಲಿ ಕತ್ತಿ, ಎದುರಿಗೆ ಮಾಟಗಾರರು. ಅವನೇ ‘ಕೋನನ್ ದ ಬಾರ್ಬೇರಿಯನ್’. ಆರ್ನಾಲ್ಡ್ ಶ್ವಾರ್ಜ್‌ನೆಗರ್ ನಟಿಸಿದ 1982ರ ಸಿನಿಮಾ ನೋಡಿದವರಿಗೆ ಹೆಸರು ಗೊತ್ತಿರುತ್ತೆ. ಆದರೆ ಸಿನಿಮಾಗಿಂತ ಕಾಮಿಕ್ಸೇ ಒಂದು ಕೈ ಮೇಲು ಅನ್ನೋದು ನನ್ನ ವಾದ.

ಕೋನನ್ ಹುಟ್ಟಿದ್ದು ಕಾಮಿಕ್ಸಿನಲ್ಲಲ್ಲ. ಟೆಕ್ಸಾಸ್‌ನ ಕ್ರಾಸ್ ಪ್ಲೇನ್ಸ್ ಎಂಬ ಸಣ್ಣ ಊರಿನಲ್ಲಿ ರಾಬರ್ಟ್ ಇ. ಹೋವರ್ಡ್ ಎಂಬ ಹುಡುಗನಿದ್ದ. ಡಾಕ್ಟರೊಬ್ಬರ ಒಬ್ಬನೇ ಮಗ. ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ‘ಪಲ್ಪ್’ ಪತ್ರಿಕೆಗಳಿಗೆ ಕಥೆ ಬರೆದೇ ಬದುಕುತ್ತಿದ್ದ. ‘ವಿಯರ್ಡ್ ಟೇಲ್ಸ್’ ಪತ್ರಿಕೆಯ 1932ರ ಡಿಸೆಂಬರ್ ಸಂಚಿಕೆಯಲ್ಲಿ ಕೋನನ್‌ನ ಮೊದಲ ಕಥೆ ಬಂತು. ಅದೂ ಹೊಸದಲ್ಲ. ಕಲ್ ಎಂಬ ರಾಜನ ಬಗ್ಗೆ ಬರೆದು ಮಾರಾಟವಾಗದೆ ಉಳಿದಿದ್ದ ಕಥೆಯನ್ನೇ ತಿದ್ದಿ ಬರೆದಿದ್ದ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ, ಹಳೇ ಕೋಡ್ ರಿಫ್ಯಾಕ್ಟರ್ ಮಾಡಿದ ಹಾಗೆ.

ಪತ್ರಿಕೆಯವರು ದುಡ್ಡು ಕೊಡುವುದು ಯಾವಾಗಲೂ ತಡ. ಮನೆಯಲ್ಲಿ ತಾಯಿಗೆ ಕ್ಷಯ. 1936ರ ಜೂನ್ 11ರಂದು, ಪ್ರಜ್ಞೆ ತಪ್ಪಿದ ತಾಯಿ ಇನ್ನು ಏಳುವುದಿಲ್ಲ ಎಂದು ತಿಳಿದ ಮೇಲೆ, ಹೋವರ್ಡ್ ತನಗೆ ತಾನೇ ಗುಂಡು ಹಾರಿಸಿಕೊಂಡ. ಮಾರನೇ ದಿನ ತಾಯಿಯೂ ಹೋದರು. ಅವನಿಗೆ ಆಗ ಮೂವತ್ತು ವರ್ಷ, ಹೆಚ್ಚುಕಮ್ಮಿ ಈಗ ನನಗಿರುವಷ್ಟೇ. ಪತ್ರಿಕೆಯಿಂದ ಬರಬೇಕಾದ ನೂರಾರು ಡಾಲರ್ ಬಾಕಿ ಇತ್ತು. ‘ರೆಡ್ ನೇಲ್ಸ್’ ಎಂಬ ಕೋನನ್ ಧಾರಾವಾಹಿಯ ಕೊನೆಯ ಕಂತುಗಳು ಅಚ್ಚಾಗುವ ಹೊತ್ತಿಗೆ ಓದಲು ಅವನೇ ಇರಲಿಲ್ಲ.

ಮೂವತ್ತು ವರ್ಷ ಕಳೆದು, 1966ರಿಂದ, ಫ್ರಾಂಕ್ ಫ್ರಜೆಟ್ಟಾ ಬರೆದ ಮುಖಪುಟಗಳೊಂದಿಗೆ ಈ ಕಥೆಗಳು ಪೇಪರ್‌ಬ್ಯಾಕ್ ಆಗಿ ಬಂದು ಬಿಸಿದೋಸೆಯಂತೆ ಖರ್ಚಾದವು. ಕತ್ತಿವೀರರ ಕಾಮಿಕ್ಸ್ ಬೇಕು ಅಂತ ಮಾರ್ವೆಲ್‌ಗೆ ಓದುಗರಿಂದ ಪತ್ರಗಳು ಬರುತ್ತಿದ್ದವು. ಲೇಖಕ ರಾಯ್ ಥಾಮಸ್ ಮೊದಲು ಕೇಳಿದ್ದು ಥೊಂಗೋರ್ ಎಂಬ ಬೇರೆ ವೀರನ ಹಕ್ಕು. ಕೋನನ್ ನಮ್ಮ ಕೈಗೆಟುಕಲ್ಲ ಅಂದುಕೊಂಡಿದ್ದರು! ಆ ಮಾತುಕತೆ ಎಳೆದಾಡಿದಾಗ, ಹೋವರ್ಡ್‌ನ ಬರಹಗಳ ಉಸ್ತುವಾರಿ ನೋಡುತ್ತಿದ್ದ ಗ್ಲೆನ್ ಲಾರ್ಡ್‌ಗೆ ಪತ್ರ ಹಾಕಿದರು. ಕಂಪನಿ ಒಪ್ಪಿದ್ದು ಸಂಚಿಕೆಗೆ 150 ಡಾಲರ್. ಸಂಕೋಚಕ್ಕೆ ಥಾಮಸ್ 200 ಬರೆದುಬಿಟ್ಟರು.

ಆ ಐವತ್ತು ಡಾಲರಿನಿಂದ ಎರಡು ಕೆಲಸ ಆಯಿತು. ಯಜಮಾನರು ತಕರಾರು ತೆಗೆದರೆ ತನ್ನ ಸಂಭಾವನೆಯಲ್ಲೇ ಮುರಿದುಕೊಳ್ಳಲಿ ಅಂತ ಥಾಮಸ್ ಕಥೆಯನ್ನು ತಾವೇ ಬರೆಯಲು ಕೂತರು. ಚಿತ್ರಕ್ಕೆ ಬಯಸಿದ್ದ ಜಾನ್ ಬುಸೇಮಾ ದುಬಾರಿಯಾಗಿದ್ದರಿಂದ, ಕಡಿಮೆ ಸಂಭಾವನೆಯ ಬ್ಯಾರಿ ಸ್ಮಿತ್ ಎಂಬ ಇಂಗ್ಲೆಂಡಿನ ಎಳೆಯ ಹುಡುಗ ಬಂದ. ಶುರುವಿನ ಸಂಚಿಕೆಗಳಲ್ಲಿ ಅವನ ಗೆರೆ ಅಷ್ಟಕ್ಕಷ್ಟೇ. ಆದರೆ ಎರಡು ವರ್ಷದಲ್ಲಿ ಆ ಗೆರೆ ಬೆಳೆದ ಪರಿ ನೋಡಬೇಕು! ಕಲ್ಲಿನ ಗೋಡೆ, ಬಳ್ಳಿ, ಕೂದಲ ಎಳೆ, ಒಂದೊಂದನ್ನೂ ಅಕ್ಕಸಾಲಿಗ ಕುಸುರಿ ಮಾಡಿದಂತೆ ಬರೆದ. 24ನೇ ಸಂಚಿಕೆ ಮುಗಿಸಿ ಸರಣಿ ಬಿಟ್ಟ. ಆಮೇಲೆ ಬುಸೇಮಾ ಬಂದರು.

ಒಂದೇ ಒಂದು ಕಥೆ ಓದುವುದಾದರೆ 4ನೇ ಸಂಚಿಕೆಯ ‘ದ ಟವರ್ ಆಫ್ ದ ಎಲಿಫೆಂಟ್’ ಓದಿ. ಮಂತ್ರವಾದಿಯ ಗೋಪುರದಲ್ಲಿರುವ ರತ್ನ ಕದಿಯಲು ಕೋನನ್ ನುಗ್ಗುತ್ತಾನೆ. ಒಳಗೊಂದು ಕೋಣೆಯಲ್ಲಿ ಆನೆಮುಖದ ಜೀವಿ. ನಮಗೋ, ನೋಡಿದ ತಕ್ಷಣ ಗಣಪತಿ ನೆನಪಾಗುತ್ತಾನೆ. ಆದರೆ ಇದು ಬೇರೆ ಗ್ರಹದಿಂದ ಬಂದದ್ದು. ಇದರಿಂದಲೇ ವಿದ್ಯೆ ಕಲಿತ ಮಂತ್ರವಾದಿ ಇದರ ಕಣ್ಣು ಕಿತ್ತು, ಹಿಂಸಿಸಿ, ಸೆರೆಯಲ್ಲಿಟ್ಟಿದ್ದಾನೆ. ಕತ್ತಿ ಹಿಡಿದು ಒಳಬಂದ ಕೋನನ್ ಅದರ ಸ್ಥಿತಿ ಕಂಡು ಅಳುಕಿ ನಿಲ್ಲುತ್ತಾನೆ. ಮಾಡಿದವನು ಬೇರೆ, ನಾಚಿಕೆ ಮಾತ್ರ ಇವನಿಗೆ. ‘ನನ್ನ ಎದೆ ಸೀಳಿ ಬಿಡುಗಡೆ ಕೊಡು’ ಎಂದು ಅದು ಬೇಡುತ್ತದೆ. ಅವನು ಕೊಡುತ್ತಾನೆ. ಮಂತ್ರವಾದಿಗೆ ತಕ್ಕ ಶಾಸ್ತಿಯಾಗುತ್ತದೆ, ಗೋಪುರ ಕುಸಿಯುತ್ತದೆ, ಕಳ್ಳ ಬರಿಗೈಯಲ್ಲಿ ಹೊರಬರುತ್ತಾನೆ.

ಆಗ ಕಾಮಿಕ್ಸ್‌ಗೆ ‘ಕಾಮಿಕ್ಸ್ ಕೋಡ್’ ಎಂಬ ಸೆನ್ಸಾರ್ ಇತ್ತು. 1974ರಲ್ಲಿ ಮಾರ್ವೆಲ್ ‘ಸ್ಯಾವೇಜ್ ಸೋರ್ಡ್ ಆಫ್ ಕೋನನ್’ ಎಂಬ ಕಪ್ಪು-ಬಿಳುಪು ಪತ್ರಿಕೆ ಶುರು ಮಾಡಿತು. ಅದು ದೊಡ್ಡ ಆಕಾರದ ಮ್ಯಾಗಜೀನ್ ಆದ್ದರಿಂದ ಕೋಡ್ ಅನ್ವಯವಾಗಲಿಲ್ಲ. ಅದರಲ್ಲಿ ರಕ್ತವೂ ಜಾಸ್ತಿ, ಅರೆಬೆತ್ತಲೆಯೂ ಜಾಸ್ತಿ. ಮಕ್ಕಳ ಕೈಗೆ ಕೊಡಬೇಡಿ.

ನಮಗೆ ಸಂಬಂಧಪಟ್ಟದ್ದೂ ಅದರಲ್ಲೊಂದಿದೆ. ಹೋವರ್ಡ್ 1934ರಲ್ಲಿ ಬರೆದ ‘ದ ಪೀಪಲ್ ಆಫ್ ದ ಬ್ಲ್ಯಾಕ್ ಸರ್ಕಲ್’ ಕಥೆ ನಡೆಯುವುದು ‘ವೆಂಧ್ಯ’ ಎಂಬ ದೇಶದ ಗಡಿಯಲ್ಲಿ. ರಾಜಧಾನಿ ಅಯೋಧ್ಯೆ, ಆಚೆಗೆ ‘ಹಿಮೇಲಿಯನ್’ ಪರ್ವತ! ನಮ್ಮ ವಿಂಧ್ಯವನ್ನು ಎತ್ತಿಕೊಂಡು ಹೋಗಿ ಹಿಮಾಲಯದ ಬುಡದಲ್ಲಿಟ್ಟಿದ್ದಾನೆ. ಮೂಡಣ ದೇಶ ಅಂದರೆ ಮಾಟ-ಮಂತ್ರ ಎಂಬ ಆ ಕಾಲದ ಬಿಳಿಯರ ಕಲ್ಪನೆ ಅದರಲ್ಲಿ ಧಾರಾಳ. ಓದುವಾಗ ಒಂದಷ್ಟು ಮುಜುಗರ ಆಗೋದು ನಿಜ. ಆದರೂ ರಾಣಿ ಯಸ್ಮಿನಾ ಸುಮ್ಮನೆ ಕಿರುಚುವ ಹೆಣ್ಣಲ್ಲ. ಅಣ್ಣನನ್ನು ಮಾಟದಿಂದ ಕೊಂದವರ ಮೇಲೆ ಸೇಡು ತೀರಿಸಲು ಹೊರಟವಳು. ಕೊನೆಯಲ್ಲಿ ಕೋನನ್‌ನನ್ನು ಬಿಟ್ಟು ತನ್ನ ರಾಜ್ಯಕ್ಕೇ ಮರಳುತ್ತಾಳೆ.

ಬುಸೇಮಾ ಪೆನ್ಸಿಲ್ಲಿನಲ್ಲಿ ಬರೆದ ಈ ಕಥೆಗೆ ಫಿಲಿಪ್ಪೀನ್ಸಿನ ಅಲ್ಫ್ರೆಡೊ ಅಲ್ಕಾಲಾ ಶಾಯಿ ತುಂಬಿದರು. ತಮ್ಮ ಗೆರೆಯೇ ಕಾಣದಷ್ಟು ತುಂಬುತ್ತಾರೆ ಅಂತ ಬುಸೇಮಾಗೆ ಅವರ ಮೇಲೆ ಅಸಮಾಧಾನವಿತ್ತು. ನನಗಂತೂ ಆ ಕಪ್ಪು ಬೆಟ್ಟಗಳೇ ಇಷ್ಟ.