ಮಂದನಾಡಿಯೂ ಹೃದಯಾರೋಗ್ಯವೂ

ನಾಡಿಯನ್ನು ಹಿಡಿದು ದೇಹಸ್ಥಿತಿಯನ್ನು ಅರಿಯುವ ಕ್ರಮವು ನಮ್ಮಲ್ಲಿ ಪ್ರಾಚೀನವಾದುದು. ಶಾರ್ಙ್ಗಧರಸಂಹಿತೆಯಲ್ಲಿಯೂ ಅದರ ಪ್ರಸ್ತಾಪವುಂಟು. ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಅಭ್ಯಾಸದಿಂದ ನಾವೂ ಒಂದು ಲೆಕ್ಕವನ್ನು ಹಾಕಿ ನೋಡಿದೆವು. ನಿಮಿಷಕ್ಕೆ ೭೨ ಸಲ ಬಡಿಯುವ ಹೃದಯವು ಒಂದು ಹಗಲಿರುಳಿನಲ್ಲಿ ೧,೦೩,೬೮೦ ಸಲ ಬಡಿಯುವುದು. ನಿಮಿಷಕ್ಕೆ ೬೦ ಆದರೆ ೮೬,೪೦೦ ಸಲ ಮಾತ್ರ. ಈ ಉಳಿತಾಯದಿಂದ ಹೃದ್ರೋಗವು ಬೆಳೆಯದಂತೆ ತಡೆಯಬಹುದೆ?

ಸರ್ವಾಂಗಗಳಿಗೂ ರಕ್ತವನ್ನು ಒದಗಿಸುವ ಹೃದಯವು ತನ್ನ ಪಾಲಿನ ರಕ್ತವನ್ನು ತನ್ನ ಮೈಮೇಲೆ ಹಬ್ಬಿರುವ ಧಮನಿಗಳಿಂದ ಪಡೆಯುತ್ತದೆ. ಅದೂ ಬಹುಮಟ್ಟಿಗೆ ಎರಡು ಬಡಿತಗಳ ನಡುವಣ ವಿಶ್ರಾಂತಿಕಾಲದಲ್ಲಿಯೇ. ಬಡಿತವು ತೀವ್ರವಾದಂತೆಲ್ಲ ಈ ವಿಶ್ರಾಂತಿಯು ಮೊಟಕಾಗುವುದು. ಆ ಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಸೇರಿ ದಾರಿಯು ಕಿರಿದಾಗುವುದೇ ಇಲ್ಲಿ ನಾವು ಹೇಳುತ್ತಿರುವ ರೋಗವು.

೧೯೮೪ರಲ್ಲಿ ಬೀರ್, ಗ್ಲಾಗೊವ್, ಜಾರಿನ್ಸ್ ಎಂಬ ಮೂವರು ವಿದ್ವಾಂಸರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೊಬ್ಬಿನ ಆಹಾರವನ್ನು ತಿಂದ ಕೋತಿಗಳಲ್ಲಿ ಮಂದನಾಡಿಯುಳ್ಳವುಗಳ ಧಮನೀರೋಗವು ಉಳಿದವುಗಳದರ ಅರ್ಧಕ್ಕಿಂತಲೂ ಕಡಮೆಯಾಗಿದ್ದಿತು. ಇದರಿಂದ ದೊಡ್ಡ ಆಶೆಯೇ ಹುಟ್ಟಿತು.

ಆದರೆ ಮನುಷ್ಯರ ವಿಷಯದಲ್ಲಿ ಆ ಆಶೆಯು ಫಲಿಸಲಿಲ್ಲ. ನಾಡಿಯನ್ನು ಮಾತ್ರ ಇಳಿಸುವ ಇವಾಬ್ರಾಡಿನ್ ಎಂಬ ಔಷಧವನ್ನು ಧಮನೀರೋಗವುಳ್ಳ ೧೯,೧೦೨ ಜನರಲ್ಲಿ ಪರೀಕ್ಷಿಸಿ, ೨೦೧೪ರಲ್ಲಿ ಫಲವನ್ನು ಪ್ರಕಟಿಸಿದರು. ನಾಡಿಯೇನೋ ನಿಮಿಷಕ್ಕೆ ಸುಮಾರು ೧೦ ಬಡಿತ ಇಳಿಯಿತು. ಹೃದಯಾಘಾತವಾಗಲಿ ಹೃದ್ರೋಗದ ಮರಣವಾಗಲಿ ಇಳಿಯಲಿಲ್ಲ. ಹೃದಯದ ಶಕ್ತಿಯೇ ಕುಂದಿದವರಲ್ಲಿ ಕೆಲವರಿಗೆ ಅದರಿಂದ ಉಪಕಾರವಾಗುವುದೆಂದು ೨೦೧೦ರ ಪರೀಕ್ಷೆಯು ತೋರಿಸಿದ್ದಿತು. ಅದು ಬೇರೆಯ ಮಾತು.

ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ಹೊತ್ತು ನಿಂತೀತೆ? ತೀವ್ರನಾಡಿಯು ಎಷ್ಟೋ ವೇಳೆ ಜಡಜೀವನದ, ಹೊಗೆಸೊಪ್ಪಿನ, ಮನಃಕ್ಲೇಶದ ಸೂಚನೆಯಾಗಿರುವುದು. ನಿತ್ಯವೂ ನಡೆಯುವವನ ನಾಡಿಯು ತಾನಾಗಿಯೇ ಇಳಿಯುತ್ತದೆ. ಜೊತೆಗೆ ರಕ್ತದ ಒತ್ತಡವೂ ತಗ್ಗುತ್ತದೆ. ಸಂಖ್ಯೆಯನ್ನಲ್ಲ, ಬಾಳನ್ನು ತಿದ್ದಿಕೊಳ್ಳುವುದೇ ಲೇಸೆಂಬುದು ನಮ್ಮ ಮತ.

ಇನ್ನೆರಡು ಮಾತುಗಳನ್ನು ಮನೆಯವರೆಲ್ಲರೂ ನೆನಪಿನಲ್ಲಿಡತಕ್ಕದ್ದು. ಬೀಟಾ ಬ್ಲಾಕರ್ ಎಂಬ ವರ್ಗದ ಮಾತ್ರೆಗಳೂ ನಾಡಿಯನ್ನು ಇಳಿಸುವುವು. ವೈದ್ಯರು ಅವನ್ನು ಕೊಟ್ಟಿದ್ದರೆ, ನಾಡಿ ಇಳಿಯಿತೆಂದು ತಾವೇ ಥಟ್ಟನೆ ನಿಲ್ಲಿಸಬಾರದು. ಅದರಿಂದ ಎದೆನೋವು ಉಲ್ಬಣಿಸಬಹುದು. ಎದೆಯನ್ನು ಹಿಂಡಿದಂತೆ ನೋವು ಬಂದು, ಬೆವರು ಸುರಿದು, ಉಸಿರು ಕಟ್ಟಿದರೆ, ಕೈಹಿಡಿದು ನಾಡಿಯನ್ನು ಎಣಿಸುತ್ತ ಕೂಡಬಾರದು. ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು.